ರನ್‌ವೇಗೆ ಮೊದಲು ಓದಿನ ಮೇಜು

ಗೋವಾದ ದಾಬೋಳಿ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆಗೆ ನಕ್ಷೆಯ ಮೇಲೆ ಒಂದು ನೇರ ಗೆರೆ ಎಳೆಯಿರಿ. ಅದು ಹೊನ್ನಾವರದ ಎದುರು ಸಮುದ್ರದ ಮೇಲೆ, ತೀರದಿಂದ ಏಳೆಂಟು ನಾಟಿಕಲ್ ಮೈಲಿ ಪಡುವಣಕ್ಕೆ ಹಾದುಹೋಗುತ್ತದೆ. ಗೆರೆಯ ಉದ್ದ ಸುಮಾರು 158 ನಾಟಿಕಲ್ ಮೈಲಿ, ದಿಕ್ಕು ಸುಮಾರು 157 ಡಿಗ್ರಿ. 100 ನಾಟ್, ಅಂದರೆ ಗಂಟೆಗೆ 100 ನಾಟಿಕಲ್ ಮೈಲಿ ವೇಗದ ಸಣ್ಣ ತರಬೇತಿ ವಿಮಾನ ಈ ದಾರಿಯಲ್ಲಿ 3,000 ಅಡಿ ಎತ್ತರದಲ್ಲಿ ಹೊರಟಿದೆ ಎಂದುಕೊಳ್ಳೋಣ. ಆಷಾಢದ ಪಡುಗಾಳಿ ಬಲಗಡೆಯಿಂದ 25 ನಾಟ್ ವೇಗದಲ್ಲಿ ಬೀಸುತ್ತಿದೆ. ಕೆಳಗೆಲ್ಲ ಮೋಡ. ಗಾಳಿಯ ಲೆಕ್ಕ ಗೊತ್ತಿಲ್ಲದ ವಿದ್ಯಾರ್ಥಿ ವಿಮಾನದ ಮೂತಿಯನ್ನು 157 ಡಿಗ್ರಿಗೇ ಹಿಡಿದು ಕೂತಿದ್ದಾನೆ.

ಮುಕ್ಕಾಲು ಗಂಟೆಯ ಹೊತ್ತಿಗೆ ಅವನು ತಾನು ಹೊನ್ನಾವರದ ಎದುರು ಕಡಲ ಮೇಲಿದ್ದೇನೆ ಎಂದು ನಂಬಿರುತ್ತಾನೆ. ನಿಜಕ್ಕೂ ಅವನಿರುವುದು ಕುಮಟಾದಿಂದ ಹತ್ತು ನಾಟಿಕಲ್ ಮೈಲಿ ಮೂಡಣಕ್ಕೆ, ಘಟ್ಟದ ಬುಡದ ಕಾಡಿನ ಮೇಲೆ. ಒಂದು ಗಂಟೆಯಾಗುವಾಗ ಗಾಳಿ ಅವನನ್ನು ದಾರಿಯಿಂದ 25 ಮೈಲಿ ಎಡಕ್ಕೆ ತಳ್ಳಿರುತ್ತದೆ. ಆಗ ಅವನು ಲಿಂಗನಮಕ್ಕಿ ಹಿನ್ನೀರಿಗೂ ಕೊಡಚಾದ್ರಿಗೂ ನಡುವೆ ಎಲ್ಲೋ ಇರುತ್ತಾನೆ. ಕೊಡಚಾದ್ರಿಯ ತುದಿ 4,400 ಅಡಿ. ಅವನ ಎತ್ತರ 3,000.

ಶರಾವತಿ ದಾಟಿಸುವ ದೋಣಿಯವನು ಎದುರು ದಡದ ಧಕ್ಕೆಗೆ ನೇರವಾಗಿ ಮೂತಿ ಹಿಡಿಯುವುದಿಲ್ಲ. ಸೆಳವು ಎಷ್ಟಿದೆ ನೋಡಿ, ಅಷ್ಟು ಮೇಲಕ್ಕೆ ಹಿಡಿಯುತ್ತಾನೆ. ವಿಮಾನದಲ್ಲೂ ಮಾಡಬೇಕಾದ್ದು ಅದನ್ನೇ: ಹದಿನಾಲ್ಕು ಹದಿನೈದು ಡಿಗ್ರಿ ಬಲಕ್ಕೆ, ಅಂದರೆ 172 ಡಿಗ್ರಿಯ ಕಡೆಗೆ ಮೂತಿ ತಿರುಗಿಸಿ ಹಾರಿದರೆ ವಿಮಾನ ಗೆರೆಯ ಮೇಲೆಯೇ ಉಳಿಯುತ್ತದೆ. ದೋಣಿಯವನಿಗೆ ದಡ ಕಣ್ಣೆದುರಿಗೇ ಇರುತ್ತದೆ, ತಪ್ಪಿದರೆ ತಿದ್ದಿಕೊಳ್ಳುತ್ತಾನೆ. ಮೋಡದ ಮೇಲಿನ ಪೈಲಟ್‌ಗೆ ದಡ ಕಾಣುವುದಿಲ್ಲ. ಅವನು ನೆಲದ ಮೇಲೆ ಕೂತು ಮಾಡಿದ ಲೆಕ್ಕವನ್ನು ನಂಬಿ ಹಾರಬೇಕು.

ಈ ಲೆಕ್ಕವನ್ನು ಕಲಿಯಲು ವಿಮಾನ ಬೇಕಾಗಿಲ್ಲ. ಹೊನ್ನಾವರದ ಮನೆಯ ಜಗಲಿಯಲ್ಲಿ ಒಂದು ನಕ್ಷೆ, ಸ್ಕೇಲು, ಕೋನಮಾಪಕ ಇಟ್ಟುಕೊಂಡು ಕಲಿಯಬಹುದು. ಪೈಲಟ್ ಆಗಬೇಕೆಂದು ಹೊರಟ ಮಕ್ಕಳಿಗೂ ಅವರ ಅಪ್ಪ–ಅಮ್ಮಂದಿರಿಗೂ ನಾನು ಮೊದಲು ಹೇಳಬೇಕೆಂದಿರುವುದು ಇದನ್ನೇ. ಪೈಲಟ್ ತರಬೇತಿಯಲ್ಲಿ ಅತಿ ಕಡಿಮೆ ಖರ್ಚಿನದು ಥಿಯರಿ. ಊರಲ್ಲೇ ಇದ್ದು ಮುಗಿಸಬಹುದಾದದ್ದೂ ಅದೇ. ಆದರೆ ಹೆಚ್ಚಿನವರು ಅದನ್ನು ಹೇಗಾದರೂ ದಾಟಿಬಿಡಬೇಕಾದ ತಡೆ ಎಂದು ನೋಡುತ್ತಾರೆ. ಲೈಸೆನ್ಸ್‌ಗಾಗಿ ಅರ್ಧ ಕೋಟಿಯ ಆಸುಪಾಸಿನ ಹಣ ಹೂಡುವ ಮನೆಗಳು ಈ ಭಾಗಕ್ಕೆ ಕೊಡುವ ಗಮನ ತೀರಾ ಕಡಿಮೆ.

ಕರಾವಳಿಯ ನಮ್ಮ ತಾಲ್ಲೂಕುಗಳಿಗೆ ವಿಮಾನಯಾನ ದೂರದ ಮಾತಲ್ಲ. ಭಟ್ಕಳದ ಎಷ್ಟೋ ಮನೆಗಳಿಗೆ ಕೊಲ್ಲಿ ದೇಶಗಳ ನಂಟು ಮೂರ್ನಾಲ್ಕು ತಲೆಮಾರುಗಳದ್ದು. ಬಜ್ಪೆಗೋ ಗೋವಾಕ್ಕೋ ಹೋಗಿ ವಿಮಾನ ಹತ್ತುವುದು ಅಲ್ಲಿ ಮನೆಮಾತು. ಅಂಕೋಲಾ ತಾಲ್ಲೂಕಿನ ಅಲಗೇರಿಯಲ್ಲಿ ನಾಗರಿಕ ವಿಮಾನ ನಿಲ್ದಾಣದ ಯೋಜನೆಗೆ ಭೂಸ್ವಾಧೀನದ ಸುದ್ದಿಯನ್ನು ವರ್ಷಗಳಿಂದ ಓದುತ್ತಿದ್ದೇವೆ. ಆದರೆ ಹಾರಲು ಕಲಿಸುವ ಶಾಲೆ ಇಲ್ಲಿಲ್ಲ. ಅದಕ್ಕೆ ಘಟ್ಟ ಹತ್ತಲೇಬೇಕು. ರಾಜ್ಯದಲ್ಲಿ ಹಳೆಯದು ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ. ಅದು ಆರಂಭವಾದದ್ದು 1949ರಲ್ಲಿ, ಮೈಸೂರು ಸಂಸ್ಥಾನದ ಕಾಲದ ಕೊನೆಯಲ್ಲಿ. ಮೊದಮೊದಲು ಅಲ್ಲಿ ಕಲಿತು ಲೈಸೆನ್ಸ್ ಪಡೆದವರಲ್ಲಿ ಉಷಾ ಸುಂದರಂ ಒಬ್ಬರು. ಈಚೆಗೆ ಬೆಳಗಾವಿ, ಕಲಬುರಗಿ ವಿಮಾನ ನಿಲ್ದಾಣಗಳಲ್ಲೂ ತರಬೇತಿ ಸಂಸ್ಥೆಗಳಿಗೆ ಜಾಗ ಕೊಟ್ಟಿದ್ದಾರೆ.

ವಾಣಿಜ್ಯ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್‌ಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಡಿಜಿಸಿಎ, ಕೇಳುವುದು 200 ಗಂಟೆ ಹಾರಾಟ. ಅದರಲ್ಲಿ 100 ಗಂಟೆ ತಾನೇ ಜವಾಬ್ದಾರಿ ಹೊತ್ತ ಪೈಲಟ್ ಆಗಿ ಹಾರಿರಬೇಕು. 18 ವರ್ಷ ತುಂಬಿರಬೇಕು. ಭೌತಶಾಸ್ತ್ರ, ಗಣಿತ ಓದಿ ಪಿಯುಸಿ ಮುಗಿಸಿರಬೇಕು. ವಾಣಿಜ್ಯವನ್ನೋ ಕಲೆಯನ್ನೋ ಓದಿದವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಆ ಎರಡು ವಿಷಯಗಳನ್ನು ಪಾಸು ಮಾಡಿಕೊಂಡು ಬಂದದ್ದೂ ಉಂಟು. ಇದರ ಜೊತೆಗೆ ಪರೀಕ್ಷೆಗಳು: ಏರ್ ನ್ಯಾವಿಗೇಷನ್, ಹವಾಮಾನ, ಏರ್ ರೆಗ್ಯುಲೇಷನ್, ಟೆಕ್ನಿಕಲ್ ಜನರಲ್, ಹಾರಿಸುವ ವಿಮಾನದ ಬಗೆಗೆ ಟೆಕ್ನಿಕಲ್ ಸ್ಪೆಸಿಫಿಕ್. ಪ್ರತಿಯೊಂದರಲ್ಲೂ ನೂರಕ್ಕೆ 70 ಬರಬೇಕು. ಇವುಗಳಾಚೆಗೆ ರೇಡಿಯೊದಲ್ಲಿ ಮಾತಾಡುವ ಆರ್‌ಟಿಆರ್ ಪರೀಕ್ಷೆ. ಅದು ಮೊದಲು ದೂರಸಂಪರ್ಕ ಇಲಾಖೆಯ ಕೈಯಲ್ಲಿತ್ತು. 2024ರ ಭಾರತೀಯ ವಾಯುಯಾನ ಅಧಿನಿಯಮ ಅದನ್ನು ಡಿಜಿಸಿಎಗೆ ವಹಿಸಿತು.

ನಮ್ಮ ಕಡೆಯ ಮಕ್ಕಳು ಮೊದಲು ಹಿಡಿಯಬೇಕಾದ್ದು ಹವಾಮಾನದ ಪತ್ರಿಕೆ ಎಂದು ನನಗನ್ನಿಸುತ್ತದೆ. ಇದರ ಪಾಠದ ಅರ್ಧ ನಮ್ಮ ಮನೆಯಂಗಳದಲ್ಲೇ ನಡೆಯುತ್ತದೆ. ಅರಬ್ಬೀ ಸಮುದ್ರದಿಂದ ನೀರಾವಿ ಹೊತ್ತ ಗಾಳಿ ಘಟ್ಟಕ್ಕೆ ಅಡ್ಡಬಿದ್ದು ಮೇಲೇಳುತ್ತದೆ, ಮೇಲೇರುತ್ತ ತಣಿಯುತ್ತದೆ, ತಣಿದು ಸುರಿಯುತ್ತದೆ. ಹೊನ್ನಾವರದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುವುದು ಇದರಿಂದಲೇ. ಘಟ್ಟದ ಆಚೆ ಹುಬ್ಬಳ್ಳಿಯಲ್ಲಿ ಅದರ ಕಾಲು ಭಾಗದಷ್ಟೂ ಆಗದಿರುವುದಕ್ಕೂ ಇದೇ ಕಾರಣ. ಪುಸ್ತಕದಲ್ಲಿ ಇದು ಒಂದು ಚಿತ್ರ, ನಾಲ್ಕು ಸಾಲು. ಪೈಲಟ್‌ಗೆ ಇದರ ಅರ್ಥವೇ ಬೇರೆ: ಮಳೆಗಾಲದಲ್ಲಿ ಘಟ್ಟದ ಪಡುವಣ ಮೈ ಮೋಡದಲ್ಲಿ ಮುಳುಗಿರುತ್ತದೆ, ಮೋಡದೊಳಗೆ ಬೆಟ್ಟವಿರುತ್ತದೆ, ಬೆಟ್ಟದ ಆಚೆ ಗಾಳಿ ಕೆಳಮುಖವಾಗಿ ಸುಳಿಯುತ್ತದೆ.

ಬೇಸಿಗೆಯ ಮಧ್ಯಾಹ್ನ ಕಡಲಿಂದ ಗಾಳಿ ಬರುವುದು, ಬೆಳಗಿನ ಜಾವ ನೆಲದಿಂದ ಕಡಲಿಗೆ ಹೋಗುವುದು ಇಲ್ಲಿನ ಮೀನುಗಾರರಿಗೆ ಗೊತ್ತಿರುವ ಸಂಗತಿ. ವಿಮಾನ ಯಾವಾಗಲೂ ಎದುರುಗಾಳಿಗೆ ಇಳಿಯಲು ನೋಡುತ್ತದೆ. ಹಾಗಾಗಿ ಕರಾವಳಿಯ ನಿಲ್ದಾಣದಲ್ಲಿ ಬೆಳಿಗ್ಗೆ ಯಾವ ತುದಿಯಿಂದ ಇಳಿಯಬೇಕು, ಮಧ್ಯಾಹ್ನ ಯಾವ ತುದಿಯಿಂದ ಎಂಬುದು ಬದಲಾಗಬಹುದು. ಹಿಂಗಾಳಿಯಲ್ಲಿ ಇಳಿದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. 140 ನಾಟ್ ವೇಗದಲ್ಲಿ ಇಳಿಯುವ ವಿಮಾನ 15 ನಾಟ್ ಎದುರುಗಾಳಿಯಲ್ಲಿ ನೆಲಕ್ಕೆ ಹೋಲಿಸಿ 125 ನಾಟ್‌ನಲ್ಲಿ ಇಳಿದಂತೆ. ಅಷ್ಟೇ ಹಿಂಗಾಳಿಯಲ್ಲಿ 155 ನಾಟ್. ನಿಲ್ಲಿಸಬೇಕಾದ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದು ಪಿಯುಸಿ ಪಾಠ. ಲೆಕ್ಕ ಹಾಕಿದರೆ ಒಂದೂವರೆ ಪಟ್ಟಿಗೂ ಹೆಚ್ಚು. 2020ರ ಆಗಸ್ಟ್ 7ರ ರಾತ್ರಿ ಕೋಯಿಕ್ಕೋಡ್‌ನಲ್ಲಿ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಳೆಯಲ್ಲಿ, ಹಿಂಗಾಳಿಯಲ್ಲಿ, ಒದ್ದೆ ರನ್‌ವೇ ಮೇಲೆ ಸುಮಾರು 4,400 ಅಡಿ ದಾಟಿದ ಮೇಲೆ ನೆಲ ಮುಟ್ಟಿತು. ತುದಿಯಿಂದ ಕೆಳಕ್ಕೆ ಬಿತ್ತು. 21 ಜನ ಸತ್ತರು. ಇದನ್ನು ಓದಿದ ಮೇಲೆ ಹಿಂಗಾಳಿಯ ಅಧ್ಯಾಯವನ್ನು ಯಾವ ವಿದ್ಯಾರ್ಥಿಯೂ ಪುಟ ತಿರುಗಿಸಿ ಬಿಡಬಾರದು.

ಎತ್ತರಮಾಪಕದ ಪಾಠವೂ ಹಾಗೆಯೇ. ವಿಮಾನದ ಆಲ್ಟಿಮೀಟರ್ ನಿಜಕ್ಕೂ ಎತ್ತರವನ್ನು ಅಳೆಯುವುದಿಲ್ಲ. ಅದು ವಾಯುಭಾರವನ್ನು ಅಳೆದು ಅದನ್ನೇ ಅಡಿಗಳಲ್ಲಿ ತೋರಿಸುತ್ತದೆ. ಒಂದು ಹೆಕ್ಟೊಪಾಸ್ಕಲ್ ವ್ಯತ್ಯಾಸಕ್ಕೆ ಸುಮಾರು 28 ಅಡಿ. ವಾಯುಭಾರ ಹೆಚ್ಚಿರುವ ಊರಿಂದ ಕಡಿಮೆ ಇರುವ ಊರಿಗೆ ಹೋಗುವಾಗ ಮಾಪಕವನ್ನು ಹೊಸ ಒತ್ತಡಕ್ಕೆ ಸರಿಪಡಿಸದಿದ್ದರೆ, ಹತ್ತು ಹೆಕ್ಟೊಪಾಸ್ಕಲ್ ಕುಸಿತಕ್ಕೇ ವಿಮಾನ ಮಾಪಕ ತೋರಿಸುವುದಕ್ಕಿಂತ 280 ಅಡಿ ಕೆಳಗಿರುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕಡಲತೀರದ ಪಕ್ಕದಲ್ಲೇ ಹಾದುಹೋಯಿತು. ಅಂಥ ದಿನಗಳಲ್ಲಿ ವಾಯುಭಾರ ಹೇಗೆ ಇಳಿಯುತ್ತದೆ ಎಂದು ಒಮ್ಮೆ ದಾಖಲೆಗಳನ್ನು ತೆಗೆದು ನೋಡಿದ ವಿದ್ಯಾರ್ಥಿಗೆ ಈ ಪ್ರಶ್ನೆ ಪರೀಕ್ಷೆಯಲ್ಲಿ ಎಂದೂ ತಪ್ಪುವುದಿಲ್ಲ.

ದಾಖಲೆಗಳಿಗೆ ದೂರ ಹೋಗಬೇಕಿಲ್ಲ. ಹವಾಮಾನ ಇಲಾಖೆಯ ವೀಕ್ಷಣಾ ಕೇಂದ್ರ ಹೊನ್ನಾವರದಲ್ಲೇ ಇದೆ. ಕರಾವಳಿಯ ಮಳೆ ವರದಿಯಲ್ಲಿ ಹೊನ್ನಾವರ, ಶಿರಾಲಿ, ಕಾರವಾರ, ಪಣಂಬೂರು ಎಂದು ಹೆಸರುಗಳು ಬರುತ್ತಲೇ ಇರುತ್ತವೆ. ದಿನಾ ಬೆಳಿಗ್ಗೆ ಮಂಗಳೂರು, ಗೋವಾ, ಹುಬ್ಬಳ್ಳಿ ನಿಲ್ದಾಣಗಳ ಮೆಟಾರ್, ಅಂದರೆ ವಿಮಾನ ನಿಲ್ದಾಣದ ಹವೆಯ ಸಂಕೇತ ವರದಿಯನ್ನು ಅಂತರ್ಜಾಲದಲ್ಲಿ ತೆಗೆದು ಒಂದು ನೋಟ್‌ಬುಕ್‌ನಲ್ಲಿ ಬಿಡಿಸಿ ಬರೆಯಿರಿ. 24015ಕೆಟಿ ಎಂದರೆ 240 ಡಿಗ್ರಿ ದಿಕ್ಕಿನಿಂದ 15 ನಾಟ್ ಗಾಳಿ. ತಾಪಮಾನ ಮತ್ತು ಇಬ್ಬನಿ ಬಿಂದು ಎರಡೂ 24 ಎಂದಿದ್ದರೆ ಗಾಳಿ ತೇವದಿಂದ ತುಂಬಿದೆ, ಮಂಜೋ ತಗ್ಗು ಮೋಡವೋ ಬರುವ ಹೊತ್ತು. ಬರೆದಾದ ಮೇಲೆ ಹೊರಗೆ ಬಂದು ಆಕಾಶ ನೋಡಿ. ಮಳೆಗಾಲ ಪೂರ್ತಿ ಹೀಗೆ ಮಾಡಿದವರಿಗೆ ಹವಾಮಾನದ ಪತ್ರಿಕೆಯಲ್ಲಿ ಉರು ಹೊಡೆಯಲು ಹೆಚ್ಚೇನೂ ಉಳಿದಿರುವುದಿಲ್ಲ.

ಟೆಕ್ನಿಕಲ್ ಪತ್ರಿಕೆಗೆ ಬರೋಣ. ಏರೋಡೈನಮಿಕ್ಸ್, ಎಂಜಿನ್, ಉಪಕರಣಗಳು ಎಲ್ಲ ಇದರೊಳಗೆ. ಇಲ್ಲೂ ಕರಾವಳಿಗೆ ನೇರ ಸಂಬಂಧಿಸಿದ ವಿಷಯವೊಂದನ್ನು ಮಾತ್ರ ವಿವರವಾಗಿ ಹೇಳುತ್ತೇನೆ. ಹಳೆಯ ಸೆಸ್ನಾದಂಥ ಅನೇಕ ತರಬೇತಿ ವಿಮಾನಗಳ ಎಂಜಿನ್‌ಗೆ ಕಾರ್ಬ್ಯುರೇಟರ್ ಇರುತ್ತದೆ. ಅದರ ಇಕ್ಕಟ್ಟಾದ ಕೊಳವೆಯಲ್ಲಿ ಗಾಳಿ ವೇಗವಾಗಿ ನುಗ್ಗುತ್ತದೆ, ಪೆಟ್ರೋಲು ಆವಿಯಾಗುತ್ತದೆ. ಎರಡೂ ಸೇರಿ ಅಲ್ಲಿನ ಉಷ್ಣತೆಯನ್ನು 20 ಡಿಗ್ರಿಗೂ ಹೆಚ್ಚು ಇಳಿಸಬಲ್ಲವು. ಹೊರಗೆ 20–25 ಡಿಗ್ರಿ ಬೆಚ್ಚಗಿದ್ದು ಗಾಳಿಯಲ್ಲಿ ತೇವ ತುಂಬಿದ್ದರೆ, ಅಂದರೆ ನಮ್ಮ ಮಳೆಗಾಲದ ಹವೆಯಲ್ಲಿ, ಕೊಳವೆಯೊಳಗೆ ಹಿಮ ಕಟ್ಟಲು ಅಷ್ಟು ಸಾಕು. ಹಿಮ ಎಂದರೆ ಕಾಶ್ಮೀರ ಎಂದುಕೊಂಡವನಿಗೆ ಇದು ಹೊಳೆಯುವುದೇ ಇಲ್ಲ. ಎಂಜಿನ್‌ನ ಸುತ್ತು ಮೆಲ್ಲಗೆ ಇಳಿಯುತ್ತದೆ, ಅವನು ಥ್ರಾಟಲ್ ಕೊಡುತ್ತಾನೆ, ಮತ್ತೆ ಇಳಿಯುತ್ತದೆ.

ಇದಕ್ಕೆ ಪರಿಹಾರವಾಗಿ ಕಾಕ್‌ಪಿಟ್‌ನಲ್ಲಿ ಕಾರ್ಬ್ಯುರೇಟರ್ ಹೀಟ್ ಎಂಬ ಹಿಡಿಕೆ ಇದೆ. ಅದನ್ನು ಎಳೆದರೆ ಬಿಸಿಗಾಳಿ ಒಳಹೋಗಿ ಹಿಮ ಕರಗುತ್ತದೆ. ಕರಗಿದ ನೀರು ಎಂಜಿನ್‌ನೊಳಗೆ ಹಾದುಹೋಗುವಾಗ ಎಂಜಿನ್ ಮೊದಲಿಗಿಂತಲೂ ಹೆಚ್ಚು ಒರಟಾಗಿ ಕೆಮ್ಮುತ್ತದೆ. ಥಿಯರಿ ಸರಿಯಾಗಿ ಓದದವನು ಹೆದರಿ ಹಿಡಿಕೆಯನ್ನು ವಾಪಸು ತಳ್ಳಿಬಿಡುತ್ತಾನೆ. ಓದಿದವನು ಅರ್ಧ ನಿಮಿಷ ಕಾಯುತ್ತಾನೆ. ಆ ಅರ್ಧ ನಿಮಿಷದ ಧೈರ್ಯ ಬರುವುದು ಕಾರಣ ಗೊತ್ತಿರುವುದರಿಂದ. ಯಾವ ಬೋಧಕನೂ ನಿಜವಾದ ಹಿಮ ಕಟ್ಟಿಸಿ ಇದನ್ನು ಕಲಿಸಲಾರ. ಇಂಥ ಅಪಾಯಗಳನ್ನು ಪುಸ್ತಕದಲ್ಲೇ ಭೇಟಿಯಾಗಬೇಕು.

ಜಕ್ಕೂರಿಗೆ ಕಲಿಯಲು ಹೋಗುವವರು ಇನ್ನೊಂದು ಲೆಕ್ಕವನ್ನು ಮನೆಯಲ್ಲೇ ಮಾಡಿಕೊಂಡು ಹೋಗಬಹುದು. ಸಮುದ್ರ ಮಟ್ಟದಲ್ಲಿ ಬೆಳೆದ ನಮಗೆ ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿದೆ ಎಂಬುದು ಹವೆಯ ತಂಪಿನಿಂದ ಮಾತ್ರ ಗೊತ್ತು. ವಿಮಾನದ ರೆಕ್ಕೆಗೆ, ಎಂಜಿನ್‌ಗೆ ಅದು ತೆಳು ಗಾಳಿ. ಪ್ರಮಾಣಿತ ಲೆಕ್ಕದಲ್ಲಿ ಆ ಎತ್ತರದಲ್ಲಿ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ ವ್ಯತ್ಯಾಸ 26. ಡಿಗ್ರಿಗೆ ಸುಮಾರು 120 ಅಡಿಯಂತೆ ಕೂಡಿಸಿದರೆ ವಿಮಾನದ ಪಾಲಿಗೆ ಆ ರನ್‌ವೇ 6,000 ಅಡಿ ದಾಟಿದ ಎತ್ತರದಲ್ಲಿದೆ. ಹೆಚ್ಚುಕಡಿಮೆ ಕುದುರೆಮುಖದ ತುದಿಯಷ್ಟು. ಓಟ ಉದ್ದವಾಗುತ್ತದೆ, ಏರುವ ವೇಗ ಕುಗ್ಗುತ್ತದೆ. ಬೆಳಿಗ್ಗೆ ಸಲೀಸಾಗಿ ಮೇಲೆದ್ದ ಅದೇ ವಿಮಾನ, ಅದೇ ಇಬ್ಬರು, ಅಷ್ಟೇ ಇಂಧನ. ಮಧ್ಯಾಹ್ನ ಏಕೆ ಒದ್ದಾಡುತ್ತಿದೆ ಎಂಬುದಕ್ಕೆ ಉತ್ತರ ಈ ಕೂಡಿಸುವ ಲೆಕ್ಕದಲ್ಲಿದೆ.

ಇಂಧನದ ಲೆಕ್ಕವನ್ನೂ ಹಗುರವಾಗಿ ಕಾಣುವಂತಿಲ್ಲ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನವೊಂದು ನಡು ಆಕಾಶದಲ್ಲಿ ಇಂಧನ ಮುಗಿದು ಎರಡೂ ಎಂಜಿನ್ ಕಳೆದುಕೊಂಡಿತು. ವಿಮಾನಕ್ಕೆ ಬೇಕಿದ್ದದ್ದು ಕಿಲೋಗ್ರಾಂ ಲೆಕ್ಕದ ಇಂಧನ. ಲೀಟರನ್ನು ತೂಕಕ್ಕೆ ಬದಲಾಯಿಸುವಾಗ ಬಳಸಿದ್ದು ಪೌಂಡಿನ ಗುಣಕ. ಬೇಕಾದದ್ದರ ಅರ್ಧಕ್ಕಿಂತ ಕಡಿಮೆ ತುಂಬಿಸಿಕೊಂಡು ಹೊರಟಿದ್ದರು. ಗ್ಲೈಡರ್ ಹಾರಿಸಿ ಅನುಭವವಿದ್ದ ಕ್ಯಾಪ್ಟನ್ ಗಿಮ್ಲಿ ಎಂಬ ಹಳೆಯ ವಾಯುನೆಲೆಯಲ್ಲಿ ಅದನ್ನು ತೇಲಿಸಿ ಇಳಿಸಿದ್ದರಿಂದ 69 ಜನರೂ ಉಳಿದರು. ಲೀಟರು, ಕಿಲೋ, ಪೌಂಡು, ಗ್ಯಾಲನ್ ನಡುವೆ ಹೊರಳುವ ಪ್ರಶ್ನೆಗಳು ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವುದು ವಿದ್ಯಾರ್ಥಿಯನ್ನು ಪೀಡಿಸಲಿಕ್ಕಲ್ಲ.

ಏರ್ ರೆಗ್ಯುಲೇಷನ್ ಎಲ್ಲರೂ ಬೇಸರದಿಂದ ಓದುವ ಪತ್ರಿಕೆ. ನಿಯಮ, ಉಪನಿಯಮ, ಸಂಕೇತ, ದೀಪಗಳು. ಒಂದು ಉದಾಹರಣೆ ಸಾಕು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎದುರಿಗೆ ವಾಹನ ಬಂದರೆ ನಾವು ಎಡಕ್ಕೆ ಸರಿಯುತ್ತೇವೆ. ಆಕಾಶದಲ್ಲಿ ಎರಡು ವಿಮಾನ ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಹುಟ್ಟಿದಾಗಿನಿಂದ ಎಡಕ್ಕೆ ಸರಿದು ರೂಢಿಯಾದ ಮೈ ಗಾಬರಿಯಲ್ಲಿ ಎಡಕ್ಕೇ ಎಳೆಯುತ್ತದೆ. ಆ ರೂಢಿಯನ್ನು ಮುರಿಯುವಷ್ಟು ಸಲ ನಿಯಮವನ್ನು ಓದಿರಬೇಕು. ನಮ್ಮ ಜಿಲ್ಲೆಯಲ್ಲೇ ಕಾರವಾರದ ನೌಕಾನೆಲೆಯಿದೆ, ಕೈಗಾ ಅಣುವಿದ್ಯುತ್ ಸ್ಥಾವರವಿದೆ. ಇಂಥ ಜಾಗಗಳ ಸುತ್ತಲಿನ ಆಕಾಶದಲ್ಲಿ ಹಾರಬಹುದೇ, ಎಷ್ಟು ಎತ್ತರದಲ್ಲಿ, ಯಾರನ್ನು ಕೇಳಿ ಎಂಬುದನ್ನು ನಕ್ಷೆ ಮತ್ತು ಪ್ರಕಟಣೆಗಳಲ್ಲಿ ಹುಡುಕಲು ಕಲಿಸುವುದೂ ಇದೇ ಪತ್ರಿಕೆ.

ಆರ್‌ಟಿಆರ್ ಎಂದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಭಯ. ಭಯಕ್ಕೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ, ಆದರೆ ದಾರಿಯಿದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿಯ ಬೋಯಿಂಗ್ 747 ಮತ್ತು ಕಝಾಕಿಸ್ತಾನದ ಇಲ್ಯೂಷಿನ್ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. 15,000 ಅಡಿಯಲ್ಲಿ ಇರಬೇಕಾಗಿದ್ದ ಕಝಾಕ್ ವಿಮಾನ ಅದಕ್ಕಿಂತ ಕೆಳಗೆ ಇಳಿದಿತ್ತು. ಇಂಗ್ಲಿಷ್‌ನಲ್ಲಿ ಬಂದ ಸೂಚನೆಯನ್ನು ಸರಿಯಾಗಿ ಗ್ರಹಿಸದ ಪ್ರಶ್ನೆ ಆಗ ದೊಡ್ಡದಾಗಿ ಎದ್ದಿತು. ಅಂತರರಾಷ್ಟ್ರೀಯ ಪೈಲಟ್‌ಗಳಿಗೆ ಇಂಗ್ಲಿಷ್ ಸಾಮರ್ಥ್ಯದ ಮಟ್ಟ ಕಡ್ಡಾಯವಾದುದರ ಹಿಂದೆ ಇಂಥ ದುರಂತಗಳಿವೆ.

ರೇಡಿಯೊ ಇಂಗ್ಲಿಷ್ ಎಂದರೆ ಸಾಹಿತ್ಯದ ಇಂಗ್ಲಿಷ್ ಅಲ್ಲ. ಗೊತ್ತುಮಾಡಿಟ್ಟ ಕೆಲವು ನೂರು ಪದ, ಗೊತ್ತುಮಾಡಿಟ್ಟ ಕ್ರಮ. ಕೇಳಿದ ಎತ್ತರವನ್ನು, ದಿಕ್ಕನ್ನು, ರನ್‌ವೇಯನ್ನು ಹಾಗೆಯೇ ತಿರುಗಿ ಹೇಳಬೇಕು. ಮನೆಯಲ್ಲಿ ಅಣ್ಣನನ್ನೋ ಅಕ್ಕನನ್ನೋ ಕಂಟ್ರೋಲ್ ಟವರ್ ಮಾಡಿ ದಿನಾ ಹತ್ತು ನಿಮಿಷ ಜೋರಾಗಿ ಮಾತಾಡಿ. ಭೌತಶಾಸ್ತ್ರದ ವಿಷಯ ಇಂಗ್ಲಿಷ್‌ನಲ್ಲಿ ತಲೆಗೆ ಹೋಗದಿದ್ದರೆ ಮೊದಲು ಕನ್ನಡದಲ್ಲಿ ಅರ್ಥಮಾಡಿಕೊಳ್ಳಿ, ಕನ್ನಡದಲ್ಲೇ ಟಿಪ್ಪಣಿ ಬರೆಯಿರಿ, ಆಮೇಲೆ ಪ್ರತಿ ಮಾತಿಗೂ ಇಂಗ್ಲಿಷ್ ಪದವನ್ನು ಎದುರಿಗೆ ಬರೆದು ಕಲಿಯಿರಿ. ಅರ್ಥವಾಗದೆ ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿದವರಿಗಿಂತ ಹೀಗೆ ಕಲಿತವರು ಗಟ್ಟಿಯಾಗಿರುತ್ತಾರೆ.

ಬಾಯಿಪಾಠದ ಮಾತು ಬಂದಾಗ ಹೇಳಲೇಬೇಕಾದದ್ದು ಒಂದಿದೆ. ಆರ್‌ಟಿಆರ್ ಬಿಟ್ಟರೆ ಈ ಪರೀಕ್ಷೆಗಳೆಲ್ಲ ಉತ್ತರ ಆರಿಸುವ ಬಗೆಯವು. ಹಳೆಯ ಪ್ರಶ್ನೆಗಳ ರಾಶಿ ಮಾರುಕಟ್ಟೆಯಲ್ಲಿ ಸಿಗುತ್ತದೆ. ಪ್ರಶ್ನೆಯ ಮೊದಲ ಮೂರು ಪದ ನೋಡಿ ಉತ್ತರ ಗುರುತು ಹಾಕುವ ಅಭ್ಯಾಸವನ್ನು ಕೆಲವರು ಕೋಚಿಂಗ್ ಎಂದು ಕರೆಯುತ್ತಾರೆ. ಹೀಗೆ 70 ಅಂಕ ಬರುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೀಗೆ ಪಾಸಾದವರು ಎರಡು ಕಡೆ ಸಿಕ್ಕಿಬೀಳುತ್ತಾರೆ. ವಿಮಾನ ಸಂಸ್ಥೆಗಳ ನೇಮಕಾತಿಯಲ್ಲಿ ಥಿಯರಿಯನ್ನು ಮತ್ತೆ ಕೇಳುತ್ತಾರೆ, ಮುಖಾಮುಖಿ ಕೇಳುತ್ತಾರೆ. ಲೈಸೆನ್ಸ್ ಇದ್ದೂ ಕೆಲಸವಿಲ್ಲದೆ ಕೂತವರಲ್ಲಿ ಈ ಹಂತದಲ್ಲಿ ಎಡವಿದವರಿದ್ದಾರೆ. ಇನ್ನೊಂದು ಕಡೆ ಆಕಾಶ. ಅಲ್ಲಿ ನಾಲ್ಕು ಆಯ್ಕೆ ಕೊಟ್ಟು ಯಾರೂ ಕೇಳುವುದಿಲ್ಲ.

ಪ್ರಶ್ನೆ ರಾಶಿಯನ್ನು ಬಿಸಾಡಿ ಎಂದಲ್ಲ. ಬಳಸುವ ಕ್ರಮ ಬೇರೆ ಇರಲಿ. ಪ್ರತಿ ಪ್ರಶ್ನೆಗೂ ಸರಿಯುತ್ತರ ಏಕೆ ಸರಿ ಎಂದು ಒಂದು ಸಾಲು ಬರೆಯಿರಿ, ಉಳಿದ ಮೂರು ಏಕೆ ತಪ್ಪು ಎಂದು ಮೂರು ಸಾಲು ಬರೆಯಿರಿ. ಬರೆಯಲಾಗದಿದ್ದರೆ ಪುಸ್ತಕಕ್ಕೆ ಹಿಂತಿರುಗಿ. ಹವಾಮಾನಕ್ಕೆ ಐ.ಸಿ. ಜೋಶಿ, ಏರ್ ರೆಗ್ಯುಲೇಷನ್‌ಗೆ ಆರ್.ಕೆ. ಬಾಲಿ ಅವರ ಪುಸ್ತಕಗಳನ್ನು ನಮ್ಮ ದೇಶದ ವಿದ್ಯಾರ್ಥಿಗಳು ಬಹಳ ಕಾಲದಿಂದ ಬಳಸುತ್ತಿದ್ದಾರೆ. ನ್ಯಾವಿಗೇಷನ್‌ಗೆ ತಿರುಗುವ ಬಿಲ್ಲೆಯ ಕೈ ಕಂಪ್ಯೂಟರ್ ಒಂದನ್ನು ಕೊಂಡುಕೊಳ್ಳಿ, ಮೊಬೈಲ್ ಆ್ಯಪ್‌ಗೆ ಒಪ್ಪಿಸಬೇಡಿ. ಬಿಲ್ಲೆ ತಿರುಗಿಸುವಾಗ ಗಾಳಿ ಯಾವ ಕಡೆಯಿಂದ ತಳ್ಳುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಪರೀಕ್ಷೆಯನ್ನೇ ತಪ್ಪಿಸಿಕೊಂಡವರ ಕಥೆಗಳೂ ಇವೆ. 2011ರಲ್ಲಿ ನಮ್ಮ ದೇಶದಲ್ಲೇ ಸುಳ್ಳು ಅಂಕಪಟ್ಟಿ ಕೊಟ್ಟು ಮೇಲಿನ ದರ್ಜೆಯ ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದು ಬಂಧನಕ್ಕೊಳಗಾದರು. 2020ರಲ್ಲಿ ಪಾಕಿಸ್ತಾನದ ವಿಮಾನಯಾನ ಸಚಿವರು ಅಲ್ಲಿನ 262 ಪೈಲಟ್‌ಗಳು ತಮ್ಮ ಪರೀಕ್ಷೆಯನ್ನು ತಾವೇ ಬರೆದಿಲ್ಲ ಎಂಬ ಅನುಮಾನವಿದೆ ಎಂದು ಸಂಸತ್ತಿನಲ್ಲಿ ಹೇಳಿದರು. ಬೆನ್ನಲ್ಲೇ ಯುರೋಪ್ ಪಾಕಿಸ್ತಾನದ ರಾಷ್ಟ್ರೀಯ ವಿಮಾನ ಸಂಸ್ಥೆಗೆ ಬಾಗಿಲು ಮುಚ್ಚಿತು. ಅದು ತೆರೆದದ್ದು 2024ರ ನವೆಂಬರ್‌ನಲ್ಲಿ. ಪ್ರಾಮಾಣಿಕವಾಗಿ ಓದಿ ಪಾಸಾಗಿದ್ದ ಪೈಲಟ್‌ಗಳ ಹೆಸರಿಗೂ ಆಗ ಮಸಿ ಹತ್ತಿತು.

ಹಾಗೆಂದು ಪರೀಕ್ಷೆ ಎಲ್ಲವನ್ನೂ ಕಾಯುತ್ತದೆ ಎಂದು ನಾನು ಹೇಳಲಾರೆ. 2010ರ ಮೇ 22ರ ಬೆಳಿಗ್ಗೆ ಮಂಗಳೂರಿನಲ್ಲಿ ಆದದ್ದನ್ನು ಕರಾವಳಿಯ ಯಾರೂ ಮರೆತಿಲ್ಲ. ದುಬೈನಿಂದ 166 ಜನರನ್ನು ಹೊತ್ತು ಬಂದ ವಿಮಾನ ಬೇಕಾದದ್ದಕ್ಕಿಂತ ಬಹಳ ಎತ್ತರದಿಂದ ಇಳಿಯತೊಡಗಿ, ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿತು. 158 ಜನ ಸತ್ತರು, ಎಂಟು ಜನ ಉಳಿದರು. ಇಳಿಯುವ ಇಳಿಜಾರು ಮೂರು ಡಿಗ್ರಿ ಇರಬೇಕು, ಅಂದರೆ ಮೈಲಿಗೆ ಸುಮಾರು 300 ಅಡಿ ಎಂಬುದು ಥಿಯರಿಯ ಮೊದಮೊದಲ ಪಾಠ. ಕ್ಯಾಪ್ಟನ್‌ಗೆ ಅದು ಗೊತ್ತಿರಲಿಲ್ಲ ಎಂದಲ್ಲ, ಅವರು ಹತ್ತು ಸಾವಿರ ಗಂಟೆ ದಾಟಿದ ಅನುಭವಿ. ಪಯಣದಲ್ಲಿ ಬಹಳ ಹೊತ್ತು ಅವರು ನಿದ್ದೆಯಲ್ಲಿದ್ದರು ಎಂದು ತನಿಖೆ ಹೇಳಿತು. ಇಳಿಯುವುದನ್ನು ಬಿಟ್ಟು ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದೂ ದಾಖಲಾಗಿದೆ. ಗೊತ್ತಿದ್ದರೂ ಮಾಡದಿರುವುದನ್ನು ಯಾವ ಪ್ರಶ್ನೆಪತ್ರಿಕೆಯೂ ತಡೆಯಲಾರದು. ಆದರೆ ಆ ದಿನ ಸಹಪೈಲಟ್ ಸರಿಯಾದ ಮಾತನ್ನು ಸರಿಯಾದ ಹೊತ್ತಿಗೆ ಹೇಳಿದ್ದು ಅವರಿಗೆ ಗೊತ್ತಿದ್ದರಿಂದ. ಆಯಾಸ, ಹಿರಿಯರ ಎದುರು ಸಂಕೋಚ, ನಿರ್ಧಾರ ಬದಲಿಸಲು ಹಿಂಜರಿಕೆ ಇವೆಲ್ಲ ಈಗ ಮಾನವ ಸಾಮರ್ಥ್ಯ ಮತ್ತು ಮಿತಿ ಎಂಬ ಪಾಠವಾಗಿ ಥಿಯರಿಯೊಳಗೇ ಬಂದಿವೆ. ಹಿರಿಯರಿಗೆ ಎದುರಾಡಬಾರದು ಎಂದು ಬೆಳೆದ ನಮ್ಮ ಮಕ್ಕಳು ಆ ಅಧ್ಯಾಯವನ್ನು ಎರಡು ಸಲ ಓದಬೇಕು.

ಈಗ ಕೆಲಸದ ಮಾತು. ಮೊದಲ ಹೆಜ್ಜೆ ಪುಸ್ತಕವೂ ಅಲ್ಲ, ಶಾಲೆಯ ಪ್ರವೇಶವೂ ಅಲ್ಲ, ಆರೋಗ್ಯ ತಪಾಸಣೆ. ಡಿಜಿಸಿಎ ಮಾನ್ಯ ಮಾಡಿದ ವೈದ್ಯರ ಬಳಿ ಎರಡನೇ ದರ್ಜೆಯ ಮೆಡಿಕಲ್, ಆಮೇಲೆ ಒಂದನೇ ದರ್ಜೆಯದು. ಒಂದನೇ ದರ್ಜೆಯ ತಪಾಸಣೆ ನಡೆಯುವ ಕಡೆಗಳಲ್ಲಿ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಒಂದು. ಬಣ್ಣ ಗುರುತಿಸುವ ದೋಷ ಹಲವರಿಗೆ ಇರುತ್ತದೆ, ಗೊತ್ತೇ ಇರುವುದಿಲ್ಲ. ಜಮೀನು ಅಡವಿಟ್ಟು ಶುಲ್ಕ ಕಟ್ಟಿದ ಮೇಲೆ ಅದು ತಿಳಿಯುವುದು ಬೇಡ.

ಎರಡನೆಯದು ಡಿಜಿಸಿಎಯ ಕಂಪ್ಯೂಟರ್ ನಂಬರ್. ಅದಿಲ್ಲದೆ ಯಾವ ಪತ್ರಿಕೆಗೂ ಕೂರುವಂತಿಲ್ಲ. ಅದಕ್ಕೆ ನಿಮ್ಮ ಅಂಕಪಟ್ಟಿಯ ನೈಜತೆಯ ಪರಿಶೀಲನೆ ಆಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ನಮ್ಮ ಕಡೆ ಹೆಸರಿನ ಮುಂದೆ ಅಪ್ಪನ ಹೆಸರು, ಊರು, ಮನೆತನ, ಇನಿಷಿಯಲ್ ಎಲ್ಲ ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇವೆಯೇ ಎಂದು ಮೊದಲೇ ನೋಡಿ, ಬೇರೆಯಿದ್ದರೆ ಈಗಲೇ ತಿದ್ದಿಸಿ.

ಮೂರನೆಯದಾಗಿ, ಪಿಯುಸಿ ಮುಗಿದ ಬೇಸಿಗೆಯಿಂದ ಆರಂಭಿಸಿ ಹವಾಮಾನ ಮತ್ತು ರೆಗ್ಯುಲೇಷನ್ ಪತ್ರಿಕೆಗಳನ್ನು ಮೊದಲು ಮುಗಿಸಿ. ನ್ಯಾವಿಗೇಷನ್‌ಗೆ ಹೆಚ್ಚು ತಿಂಗಳು ಕೊಡಿ, ಅದು ಲೆಕ್ಕದ ಪತ್ರಿಕೆ, ಕೈ ಪಳಗಬೇಕು. ಟೆಕ್ನಿಕಲ್ ಜನರಲ್ ಅದರ ಜೊತೆಗೇ ಸಾಗಲಿ. ಸ್ಪೆಸಿಫಿಕ್ ಪತ್ರಿಕೆ ಮಾತ್ರ ಶಾಲೆ ಯಾವುದು, ಅಲ್ಲಿನ ವಿಮಾನ ಯಾವುದು ಎಂದು ಗೊತ್ತಾದ ಮೇಲೆ. ಪಾಸಾದ ಪತ್ರಿಕೆಗೂ ಅವಧಿ ಇರುತ್ತದೆ. ಆ ಅವಧಿಯೊಳಗೆ ಹಾರಾಟ ಮುಗಿಸಿ ಲೈಸೆನ್ಸ್‌ಗೆ ಅರ್ಜಿ ಹಾಕಬೇಕಾದ್ದರಿಂದ ಡಿಜಿಸಿಎ ಜಾಲತಾಣದಲ್ಲಿ ಆಗಿನ ನಿಯಮ ನೋಡಿಕೊಂಡೇ ವೇಳಾಪಟ್ಟಿ ಹಾಕಿಕೊಳ್ಳಿ.

ಹೀಗೆ ಮಾಡಿದರೆ ಹಣವೂ ಉಳಿಯುತ್ತದೆ. ಒಂದು ಗಂಟೆಯ ಹಾರಾಟಕ್ಕೆ ಹತ್ತು ಸಾವಿರ ರೂಪಾಯಿಗೂ ಮೀರಿ ಖರ್ಚಾಗುವ ಕಡೆ, ಬೋಧಕ ಆಕಾಶದಲ್ಲಿ ಸ್ಟಾಲ್ ಎಂದರೇನು ಎಂದು ಮೊದಲಿಂದ ವಿವರಿಸುತ್ತ ಕೂತರೆ ಆ ನಿಮಿಷಗಳ ಬಿಲ್ಲು ನಿಮ್ಮದೇ. ಥಿಯರಿ ಮುಗಿಸಿ ಹೋದವನು ಶಾಲೆಯಲ್ಲಿ ಪರೀಕ್ಷೆಗೆಂದು ಹಾರಾಟ ನಿಲ್ಲಿಸಿ ಹಾಸ್ಟೆಲ್ ಬಾಡಿಗೆ ಕಟ್ಟುತ್ತ ತಿಂಗಳು ಕಳೆಯಬೇಕಾಗಿಲ್ಲ. ಮಳೆಗಾಲದಲ್ಲಿ ಹಾರಾಟ ಹೇಗೂ ಕುಂಟುತ್ತದೆ, ಆ ದಿನಗಳನ್ನು ಊರಲ್ಲಿ ಓದಿನಲ್ಲಿ ಕಳೆದಿರುತ್ತೀರಿ. ಎಲ್ಲಕ್ಕಿಂತ ಮುಖ್ಯವಾಗಿ, ಈ ಕೆಲಸ ನಿಮಗೆ ನಿಜಕ್ಕೂ ಹಿಡಿಸುತ್ತದೆಯೇ ಎಂಬುದು ದೊಡ್ಡ ಶುಲ್ಕ ಕಟ್ಟುವ ಮುನ್ನವೇ ಗೊತ್ತಾಗುತ್ತದೆ. ಗಾಳಿ, ಒತ್ತಡ, ಕೋನ, ಇಂಧನದ ಲೆಕ್ಕ ಬೇಸರ ತರುವವರಿಗೆ ಈ ಉದ್ಯೋಗ ಬೇಸರವೇ ತರುತ್ತದೆ, ಸಮವಸ್ತ್ರ ಎಷ್ಟೇ ಚೆನ್ನಾಗಿದ್ದರೂ.

ಪರೀಕ್ಷೆಯಿಲ್ಲದೆ ಲೈಸೆನ್ಸ್, ಪಾಸಾಗುವ ಖಾತ್ರಿ, ಉದ್ಯೋಗದ ಖಾತ್ರಿ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಡಿಜಿಸಿಎ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಅದರ ಜಾಲತಾಣದಲ್ಲೇ ಇದೆ. ಸೇರುವ ಮುನ್ನ ಆ ಶಾಲೆಗೆ ಖುದ್ದಾಗಿ ಹೋಗಿ, ಈಗ ಕಲಿಯುತ್ತಿರುವವರನ್ನು ಮಾತಾಡಿಸಿ. ತಿಂಗಳಿಗೆ ಎಷ್ಟು ಗಂಟೆ ಹಾರಾಟ ಸಿಗುತ್ತಿದೆ, ಎಷ್ಟು ವಿಮಾನ ಹಾರುವ ಸ್ಥಿತಿಯಲ್ಲಿವೆ, ಗ್ರೌಂಡ್ ಕ್ಲಾಸ್ ನಿಜಕ್ಕೂ ನಡೆಯುತ್ತದೆಯೇ ಎಂದು ಕೇಳಿ. ಈ ಮೂರಕ್ಕೂ ಸರಿಯಾದ ಉತ್ತರ ಸಿಗುವವರೆಗೆ ಹಣ ಕಟ್ಟಬೇಡಿ. ಅಲ್ಲಿಯವರೆಗೆ ಕೈಯಲ್ಲಿರುವ ಪತ್ರಿಕೆಯನ್ನು ಓದುತ್ತಿರಿ.